ಕಂಪ್ರೆಸರ್ ಆನ್ ಮಾಡಿದರೆ ಪಕ್ಕದವರಿಗೆ ಯಾಕೆ ಕಿರಿಕಿರಿ?

ಪ್ರಶ್ನೆ: ನನ್ನದು 100 ವಾಟ್ ಹ್ಯಾಮ್ (ಹವ್ಯಾಸಿ) ರೇಡಿಯೊ. 40 ಮೀಟರ್ ಬ್ಯಾಂಡಿನಲ್ಲಿ ಎಸ್‌ಎಸ್‌ಬಿ (ದನಿಯನ್ನು ಒಂದೇ ಪಕ್ಕದ ಪಟ್ಟಿಯಲ್ಲಿ, ಅಂದರೆ ಒಂದೇ ಸೈಡ್‌ಬ್ಯಾಂಡಿನಲ್ಲಿ, ಕಳಿಸುವ ವಿಧಾನ) ಮಾತಾಡುತ್ತೇನೆ. ದೂರದವರಿಗೆ ಚೆನ್ನಾಗಿ ಕೇಳಲಿ ಅಂತ ಸ್ಪೀಚ್ ಕಂಪ್ರೆಸರ್ (ಮೆಲ್ಲನೆಯ ದನಿಯನ್ನೂ ಮೇಲೆತ್ತುವ ಸೌಲಭ್ಯ) ಆನ್ ಮಾಡಿದೆ. ಈಗ 4 ಕಿಲೋಹರ್ಟ್ಸ್ ಆಚೆ ಇರುವವರು ಸ್ಪ್ಲಾಟರ್ (ಪಕ್ಕಕ್ಕೆ ಚೆಲ್ಲುವ ಕರಕರ) ಬರುತ್ತಿದೆ ಅನ್ನುತ್ತಾರೆ. ರೇಡಿಯೊದೊಳಗೆ ಫಿಲ್ಟರ್ ಇದೆಯಲ್ವಾ? ಕಂಪ್ರೆಸರ್ ಬಿಟ್ಟೇಬಿಡಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಡಬೇಕಾಗಿಲ್ಲ. ತಪ್ಪು ಹೆಚ್ಚಾಗಿ ಕಂಪ್ರೆಸರ್‌ದಲ್ಲ, ಅದರ ಮುಂದಿನ ಹಂತದ್ದು.

ಫಿಲ್ಟರ್ ನಿಮ್ಮ ದನಿಯನ್ನು ಸುಮಾರು 2.4ರಿಂದ 2.7 ಕಿಲೋಹರ್ಟ್ಸ್ ಒಳಗೆ ಇಡುತ್ತದೆ, ನಿಜ. ಆದರೆ ಅದಾದ ಮೇಲೆ ಪವರ್ ಹೆಚ್ಚಿಸುವ ಹಂತಗಳಾದ ಡ್ರೈವರ್ ಮತ್ತು ಫೈನಲ್ ಇವೆ. ಅವು ತಾಳುವುದಕ್ಕಿಂತ ಜಾಸ್ತಿ ಸಿಗ್ನಲ್ ತಳ್ಳಿದರೆ ಕಸ ಅಲ್ಲೇ ಹುಟ್ಟುತ್ತದೆ. ಕೊನೆಯಲ್ಲಿರುವ ಲೋ ಪಾಸ್ ಫಿಲ್ಟರ್ ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಏಳುವ ಹಾರ್ಮೋನಿಕ್‌ಗಳನ್ನು ತಡೆಯುತ್ತದೆಯೇ ಹೊರತು ಈ ಕಸವನ್ನಲ್ಲ.

ಲೆಕ್ಕ ನೋಡಿ. 700 ಮತ್ತು 1900 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೋಗುತ್ತಿವೆ ಅಂತಿಟ್ಟುಕೊಳ್ಳಿ. ಫೈನಲ್ ಸೋತರೆ 3100, 4300, 5500 ಹರ್ಟ್ಸ್‌ನಲ್ಲೂ ಏನೋ ಏಳುತ್ತದೆ. ಬೇಡದ ಸೈಡ್‌ಬ್ಯಾಂಡ್ ಕಡೆಗೂ ಹೀಗೇ ಚೆಲ್ಲುತ್ತದೆ. ನಿಮ್ಮ ನೆರೆಯವರು ಕೇಳುತ್ತಿರುವ ಕರಕರ ಇದೇ.

ಎಎಲ್‌ಸಿ (ಸಿಗ್ನಲ್ ಮಿತಿಮೀರಿದರೆ ತಾನಾಗಿ ತಗ್ಗಿಸುವ ವ್ಯವಸ್ಥೆ) ನೋಡಿಕೊಳ್ಳುತ್ತದೆ ಅಂತ ಸುಮ್ನೆ ಕೂರಬೇಡಿ. ಎಷ್ಟೋ ರೇಡಿಯೊಗಳಲ್ಲಿ ಅದು ಪೀಕ್ ಬಂದ ಮೇಲೆ ಎಚ್ಚರಾಗುತ್ತದೆ. ಅಷ್ಟರಲ್ಲಿ 'ಸಿಕ್ಯೂ' (ಯಾರಾದರೂ ಇದ್ದೀರಾ ಎಂಬ ಕರೆ) ಎಂಬುದರ ಮೊದಲ ಅಕ್ಷರ ಆಚೆ ಹೋಗಿರುತ್ತದೆ.

ಆಂಟೆನಾ ಬದಲು ಡಮ್ಮಿ ಲೋಡ್ (ಪವರ್ ನುಂಗುವ ರೆಸಿಸ್ಟರ್) ಹಾಕಿ ಮೊದಲಿಂದ ಹೊಂದಿಸಿ. ಕಂಪ್ರೆಸರ್ ಆಫ್ ಇರಲಿ. ಎಂದಿನ ದನಿಯಲ್ಲಿ ಮಾತಾಡುತ್ತಾ, ಜೋರು ಅಕ್ಷರಕ್ಕೆ ಮಾತ್ರ ಎಎಲ್‌ಸಿ ಮುಳ್ಳು ಸ್ವಲ್ಪ ಅಲ್ಲಾಡುವಷ್ಟು ಮೈಕ್ ಗೇನ್ ಇಡಿ. ಆಮೇಲೆ ಕಂಪ್ರೆಸರ್ ಆನ್ ಮಾಡಿ. ಮೀಟರ್ 5–6 ಡೆಸಿಬೆಲ್ ತೋರಿಸಿದರೆ ಸಾಕು, 10 ದಾಟಲೇಬೇಡಿ. ಈಗ ಮತ್ತೆ ಎಎಲ್‌ಸಿ ನೋಡಿ, ಮುಳ್ಳು ಮೇಲೇರಿದ್ದರೆ ಡ್ರೈವ್ (ಫೈನಲ್ ಕಡೆಗೆ ತಳ್ಳುವ ಸಿಗ್ನಲ್) ಇಳಿಸಿ. ಈ ಕೊನೆಯ ಕೆಲಸವನ್ನೇ ಬಹಳ ಜನ ಮರೆಯುವುದು. ಮೈಕಿಗೆ ಹೊರಗಿನಿಂದ ಪ್ರೀಆಂಪ್ (ಸಿಗ್ನಲ್ ಹೆಚ್ಚಿಸುವ ಸಾಧನ) ಸಿಕ್ಕಿಸಿದ್ದರೆ ತೆಗೆದಿಡಿ.

ಕಂಪ್ರೆಸರ್ ಸರಾಸರಿ ಪವರ್ ಏರಿಸುತ್ತದೆ, ಪೀಕ್ ಅನ್ನಲ್ಲ. ಸಾಧಾರಣ ವಾಟ್ ಮೀಟರ್ 100 ತೋರಿಸಲಿ ಅಂತ ಗೇನ್ ತಿರುಗಿಸುವುದೇ ರೋಗದ ಮೂಲ. ಅಂದಹಾಗೆ, ಫ್ಯಾನ್ ಸದ್ದು, ಕುಕ್ಕರ್ ವಿಸಿಲ್ ಎಲ್ಲವನ್ನೂ ಕಂಪ್ರೆಸರ್ ಮೇಲೆತ್ತುತ್ತದೆ. ಮೈಕನ್ನು ಬಾಯಿಗೆ ಹತ್ತಿರ ಹಿಡಿದು ಗೇನ್ ಇಳಿಸಿ.

ಪವರ್ ಸಪ್ಲೈ ಕೂಡ ನೋಡಿ. 100 ವಾಟ್ ರೇಡಿಯೊ ಪೀಕಿನಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. ವೈರ್ ಸಣ್ಣದಾಗಿದ್ದರೆ 13.8 ವೋಲ್ಟ್ ರೇಡಿಯೊ ತಲುಪುವಾಗ ಕುಸಿದಿರುತ್ತದೆ. ವೋಲ್ಟೇಜ್ ಬಿದ್ದರೆ ಫೈನಲ್ ಬೇಗ ಸೋಲುತ್ತದೆ. ಮಾತಾಡುವಾಗ ರೇಡಿಯೊದ ಹಿಂಬದಿಯಲ್ಲೇ ಅಳೆಯಿರಿ.

ಇಷ್ಟಾದರೂ ಒಬ್ಬರೇ ದೂರುತ್ತಿದ್ದರೆ, ಅವರು ನಿಮ್ಮ ಊರಿನವರೇ ಆಗಿದ್ದರೆ, ತಮ್ಮ ರಿಸೀವರ್‌ನ ನಾಯ್ಸ್ ಬ್ಲಾಂಕರ್ (ಗದ್ದಲ ತಡೆಯುವ ಸೌಲಭ್ಯ) ಆಫ್ ಮಾಡಿ ಅಟೆನ್ಯುಯೇಟರ್ (ಬರುವ ಸಿಗ್ನಲ್ ತಗ್ಗಿಸುವುದು) ಹಾಕಿ ಕೇಳಲು ಹೇಳಿ. ಹತ್ತಿರದ ಜೋರು ಸಿಗ್ನಲ್‌ಗೆ ಅವರ ರಿಸೀವರ್ರೇ ಕಂಗಾಲಾಗಿರಬಹುದು.