ನಾಲ್ಕು ಮೀಟರಿನ ಶ್ವಾರ್ಟ್ಸ್‌ವಾಲ್ಡ್: ಮಾದರಿ ರೈಲು ಕಟ್ಟುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಉದ್ಯೋಗದ ನಿಮಿತ್ತ ಶ್ಟುಟ್‌ಗಾರ್ಟ್‌ನಲ್ಲಿ ನೆಲೆಸಿದ್ದೇನೆ. ನನ್ನ ಬಳಿ ಮಾರ್ಕ್ಲಿನ್ ಕಂಪನಿಯ ಎಚ್‌ಒ ಅಳತೆಯ (ಅಂದರೆ ನಿಜವಾದುದರ 87ನೇ ಒಂದರಷ್ಟು) ಒಂದು ಐಸಿಇ ಅತಿವೇಗದ ರೈಲು, ಕೆಂಪು ವಿ 200 ಡೀಸೆಲ್ ಎಂಜಿನ್ ಮತ್ತು ಕೆಲವು ಹಳೆಯ ಬೋಗಿಗಳಿವೆ. ನಾಲ್ಕು ಮೀಟರ್ ಉದ್ದ, 60 ಸೆಂ.ಮೀ. ಅಗಲದ ಹಲಗೆಯ ಮೇಲೆ ನೈಋತ್ಯ ಜರ್ಮನಿಯ ಬೆಟ್ಟಗಾಡಾದ ಶ್ವಾರ್ಟ್ಸ್‌ವಾಲ್ಡ್‌ನ ರೈಲುಮಾರ್ಗವನ್ನು ಕಟ್ಟಿ, ಮುಂದಿನ ವರ್ಷ ಇಲ್ಲಿನ ಹವ್ಯಾಸಿಗಳ ಪ್ರದರ್ಶನದಲ್ಲಿ ಇಡಬೇಕೆಂಬ ಆಸೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಹಲಗೆ ಕೊಯ್ಯುವ ಮೊದಲು ಒಂದು ಊರನ್ನೂ ಒಂದು ಇಸವಿಯನ್ನೂ ಗೊತ್ತುಮಾಡಿಕೊಳ್ಳಿ. ನಿಮ್ಮ ಐಸಿಇ ಮತ್ತು ವಿ 200 ಒಂದೇ ದೃಶ್ಯದಲ್ಲಿ ಹೊಂದುವುದಿಲ್ಲ. 1968ರ ಜನವರಿಯಲ್ಲಿ ಪಶ್ಚಿಮ ಜರ್ಮನಿಯ ರೈಲ್ವೆ ತನ್ನ ಎಂಜಿನ್‌ಗಳಿಗೆ ಕಂಪ್ಯೂಟರಿಗೆ ಹೊಂದುವ ಹೊಸ ಸಂಖ್ಯೆಗಳನ್ನು ಕೊಟ್ಟಾಗ ವಿ 200 ಎಂಬ ಹೆಸರೇ ಹೋಗಿ 220 ಆಯಿತು. ಐಸಿಇ ಸೇವೆ ಆರಂಭವಾದದ್ದು 1991ರಲ್ಲಿ. ಜರ್ಮನಿಯಲ್ಲಿ ನೋಡಲು ಬರುವವರು ಎಂಜಿನ್ನಿನ ಬದಿಯ ಸಂಖ್ಯೆಯನ್ನೇ ಮೊದಲು ಓದುತ್ತಾರೆ. ನನ್ನನ್ನು ಕೇಳಿದರೆ 1965ರ ಬೇಸಿಗೆಯನ್ನು ಆರಿಸಿಕೊಳ್ಳಿ. ಆಗ ಫಿಲ್ಲಿಂಗನ್ ಶೆಡ್ಡಿನ ವಿ 200 ಎಂಜಿನ್‌ಗಳು ಈ ಮಾರ್ಗದಲ್ಲಿ ಓಡುತ್ತಿದ್ದವು, ಓಫನ್‌ಬುರ್ಗ್‌ನಿಂದ ಫಿಲ್ಲಿಂಗನ್‌ವರೆಗಿನ ಭಾಗಕ್ಕೆ ವಿದ್ಯುತ್ ಬಂದದ್ದು 1975ರಲ್ಲಿ. ಆದ್ದರಿಂದ ಮೇಲಿನ ವಿದ್ಯುತ್ ತಂತಿ ಕಟ್ಟುವ ಕಷ್ಟವೂ ನಿಮಗೆ ತಪ್ಪುತ್ತದೆ. ಐಸಿಇ ಸದ್ಯಕ್ಕೆ ಕಪಾಟಿನಲ್ಲಿರಲಿ.

ಜಾಗಕ್ಕೆ ಹಾರ್ನ್‌ಬೆರ್ಗ್ ಮತ್ತು ಟ್ರಿಬೆರ್ಗ್ ನಡುವಿನ ಇಳಿಜಾರು ಸೂಕ್ತ. 1873ರಲ್ಲಿ ಪೂರ್ಣಗೊಂಡ ಈ ಮಾರ್ಗದಲ್ಲಿ ಎಂಜಿನಿಯರ್ ರಾಬರ್ಟ್ ಗೆರ್ವಿಗ್ ಹಳಿಯನ್ನು ಬೆಟ್ಟದ ಮೈಮೇಲೆ ಸುತ್ತಿಸಿ, ಸುರಂಗದ ಮೇಲೆ ಸುರಂಗ ತೋಡಿಸಿ, ಏರನ್ನು ಸಾವಿರಕ್ಕೆ ಸುಮಾರು 20ರಷ್ಟಕ್ಕೆ ಹಿಡಿದಿಟ್ಟರು. ಮಾದರಿ ಕಟ್ಟುವವರಿಗೆ ಸುರಂಗವೆಂದರೆ ವರ, ಏಕೆಂದರೆ ರೈಲು ಮರೆಯಾಗಲು ಅಲ್ಲಿ ನೆಪ ಹುಡುಕಬೇಕಿಲ್ಲ. ಆದರೆ ಅದೇ ಏರನ್ನು ಇಟ್ಟುಕೊಂಡು ಒಂದು ಹಳಿಯನ್ನು ಇನ್ನೊಂದರ ಮೇಲೆ 10 ಸೆಂ.ಮೀ. ಎತ್ತರಕ್ಕೆ ಒಯ್ಯಲು ಐದು ಮೀಟರ್ ಉದ್ದ ಬೇಕು. ನಿಮ್ಮಲ್ಲಿ ಅಷ್ಟಿಲ್ಲ. ಹಳಿಯನ್ನು ಮಟ್ಟಸವಾಗಿಯೇ ಇಟ್ಟು, ಅದರ ಹಿಂದೆ ಮುಂದೆ ಬೆಟ್ಟವನ್ನು ಏರಿಳಿಸಿ.

60 ಸೆಂ.ಮೀ. ಅಗಲದಲ್ಲಿ ರೈಲು ತಿರುಗಲಾರದು. ಮಾರ್ಕ್ಲಿನ್‌ನ ಸಿ ಮಾದರಿಯ ಹಳಿಯಲ್ಲಿ ಅತಿ ಚಿಕ್ಕ ತಿರುವಿನ ತ್ರಿಜ್ಯ 36 ಸೆಂ.ಮೀ., ಅಂದರೆ ಪೂರ್ತಿ ತಿರುಗಲು 72 ಸೆಂ.ಮೀ. ಬೇಕು. ನಿಜವಾದ ಮಾರ್ಗ ಜೋಡಿ ಹಳಿಯದು, ಒಳಹಳಿಗೆ 43.75, ಹೊರಹಳಿಗೆ 51.5 ಸೆಂ.ಮೀ. ತ್ರಿಜ್ಯದ ತಿರುವು ಹಾಕಿದರೆ ಅಗಲ ಒಂದು ಮೀಟರನ್ನು ದಾಟುತ್ತದೆ. ಆದ್ದರಿಂದ ಹಿಂದೆ ಅಷ್ಟೇ ಅಗಲದ ಇನ್ನೊಂದು ಸಾಲು ಹಲಗೆಯನ್ನೂ ಎರಡು ತುದಿಗಳಿಗೆ 60 ಸೆಂ.ಮೀ. ಉದ್ದದ ಒಂದೊಂದು ತುಂಡನ್ನೂ ಸೇರಿಸಿ, ತಿರುವುಗಳನ್ನೆಲ್ಲ ಬೆಟ್ಟದೊಳಗೆ ಅಡಗಿಸಬೇಕು.

ಆ ಹಿಂದಿನ ಸಾಲೇ ನಿಮ್ಮ ಪ್ರದರ್ಶನದ ಜೀವ. 1:87 ಅಳತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 25 ಸೆಂ.ಮೀ. ನಾಲ್ಕು ಮೀಟರ್ ದಾಟಲು ಎಂಜಿನ್ನಿಗೆ 16 ಸೆಕೆಂಡ್ ಸಾಕು. ಅನಂತರ ಜನ ಖಾಲಿ ಹಳಿಯನ್ನು ನೋಡುತ್ತ ನಿಲ್ಲುವುದಿಲ್ಲ, ಮುಂದಿನ ಮೇಜಿಗೆ ಹೋಗುತ್ತಾರೆ. ಹಿಂದಿನ ಸಾಲನ್ನು ಜರ್ಮನರು ನೆರಳು ನಿಲ್ದಾಣ ಎನ್ನುವ ಮರೆಯ ನಿಲ್ದಾಣವಾಗಿಸಿ, ಅಲ್ಲಿ ಐದಾರು ರೈಲುಗಳು ಸರದಿಗೆ ಕಾದಿರಲಿ: ಒಮ್ಮೆ ನಾಲ್ಕು ಬೋಗಿಯ ಎಕ್ಸ್‌ಪ್ರೆಸ್, ಒಮ್ಮೆ ಗೂಡ್ಸ್, ಒಮ್ಮೆ ಒಂಟಿ ಎಂಜಿನ್. ಬೋಗಿ ನಾಲ್ಕಕ್ಕಿಂತ ಹೆಚ್ಚು ಬೇಡ, ಏಕೆಂದರೆ 26.4 ಮೀಟರಿನ ನಿಜವಾದ ಬೋಗಿ ಈ ಅಳತೆಯಲ್ಲಿ 30 ಸೆಂ.ಮೀ. ಆಗುತ್ತದೆ.

ನಮ್ಮ ಕಡೆಯವರು ಅಭ್ಯಾಸಬಲದಿಂದ ಎಡವುವುದು ಎರಡು ಕಡೆ. ಜೋಡಿ ಹಳಿಯಲ್ಲಿ ಭಾರತದ ರೈಲು ಎಡಕ್ಕೆ ಓಡುತ್ತದೆ, ಜರ್ಮನಿಯದು ಬಲಕ್ಕೆ. ಊರಿನ ಹಳೆಯ ನಿಲ್ದಾಣಗಳಲ್ಲಿ ಕೈಮರ ಕೆಳಗೆ ಬಾಗಿದರೆ ಗಾಡಿಗೆ ದಾರಿ ಎಂದು ನೋಡಿ ಬೆಳೆದವರು ನಾವು. ಜರ್ಮನಿಯ ಕೈಮರ ದಾರಿ ಕೊಡುವಾಗ ಓರೆಯಾಗಿ ಮೇಲಕ್ಕೇಳುತ್ತದೆ.

ಇನ್ನು ಹಲಗೆಗಳ ಕೂಡುವಿಕೆ. ನನ್ನ ಮೊದಲ ಪ್ರದರ್ಶನದಲ್ಲಿ ಎರಡು ಹಲಗೆಗಳನ್ನು ಬರೀ ಬೋಲ್ಟಿನಿಂದ ಬಿಗಿದಿದ್ದೆ. ಸಭಾಂಗಣದ ಕಿಟಕಿಯ ಬಿಸಿಲಿಗೆ ಮರ ಎಳೆದುಕೊಂಡು ಹಳಿಯ ಸಂದು ಅರ್ಧ ಮಿಲಿಮೀಟರ್ ಸರಿಯಿತು, ಪ್ರತಿ ಸುತ್ತಿನಲ್ಲೂ ಮೂರನೆಯ ಬೋಗಿ ಮಾತ್ರ ಹಳಿ ತಪ್ಪುತ್ತಿತ್ತು. ಅಂದಿನಿಂದ ಹಿತ್ತಾಳೆಯ ಗೂಟ ಮತ್ತು ತೂತಿನ ಜೋಡಿ ಹಾಕಿ ಹಲಗೆ ಸೇರಿಸುತ್ತೇನೆ, ಅಂಚಿನಲ್ಲಿ ಹಿತ್ತಾಳೆ ಸ್ಕ್ರೂ ನೆಟ್ಟು ಹಳಿಯನ್ನು ಅದಕ್ಕೇ ಬೆಸುಗೆ ಹಾಕುತ್ತೇನೆ. ಸ್ಪ್ರೂಸ್ ಮರಗಳನ್ನು ಅಂಟಿಸದೆ, ಬುಡಕ್ಕೆ ಸೂಜಿ ಇಟ್ಟು ಚುಚ್ಚಿ. ಸಾಗಣೆಯಲ್ಲಿ ಮೊದಲು ಮುರಿಯುವುದು ಅವೇ.

ಹವ್ಯಾಸಿಗಳ ಫ್ರೆಮೋ ಸಂಘದ ನಿಯಮದಂತೆ ಹಳಿ ನೆಲದಿಂದ 1.3 ಮೀಟರ್ ಎತ್ತರದಲ್ಲಿರಬೇಕು. ವಯಸ್ಕರ ಕಣ್ಣಿಗೆ ಅದು ಸೊಗಸು, ಆದರೆ ಆರು ವರ್ಷದ ಮಗುವಿಗೆ ಹಲಗೆಯ ಅಡಿಭಾಗವಷ್ಟೇ ಕಾಣುತ್ತದೆ. ನಾನಾದರೆ 1.1 ಮೀಟರಿಗೆ ಇಳಿಸಿ, ಮುಂದೆ ಒಂದು ಮೆಟ್ಟಿಲುಮಣೆ ಇಡುತ್ತೇನೆ. ಮುಂಭಾಗಕ್ಕೆ ಇಳಿಬಿಡುವ ಕಪ್ಪು ಬಟ್ಟೆ ಸುಲಭವಾಗಿ ಬೆಂಕಿ ಹಿಡಿಯದ ಜಾತಿಯದಾಗಿರಲಿ. ಸಭಾಂಗಣದವರು ಅದರ ಪ್ರಮಾಣಪತ್ರ ಕೇಳುವುದುಂಟು. ಊಟದ ಬಿಡುವಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಹಳಿ ಒರೆಸಿ, ಎಂಜಿನ್ನಿಗೆ ವಿದ್ಯುತ್ ಕೊಡುವ, ಮಾರ್ಕ್ಲಿನ್ ಹಳಿಯ ನಡುವಿನ ಮೊಳೆಸಾಲನ್ನೂ ಮರೆಯಬೇಡಿ.