ತೂಕದ ಪ್ರಶ್ನೆಗಳು: ಅನ್ನ ಬಿಟ್ಟರೂ ಸೊಂಟ ಇಳಿಯದಿದ್ದರೆ

ಪತ್ರ ಬರೆದ ಹಲವರು ತಮ್ಮನ್ನು ತಾವೇ ಬೈದುಕೊಂಡಿದ್ದಾರೆ. ದಯವಿಟ್ಟು ಅದನ್ನು ಬಿಡಿ. ಹಸಿವು ಎಷ್ಟಾಗಬೇಕು, ಹೊಟ್ಟೆ ತುಂಬಿತೆಂದು ಯಾವಾಗ ಅನಿಸಬೇಕು ಎಂಬುದನ್ನು ಮಿದುಳು ಮತ್ತು ಹಾರ್ಮೋನುಗಳು ನಡೆಸುತ್ತವೆ. ಮನೆತನದಿಂದ ಬಂದ ಗುಣ, ಕೆಟ್ಟ ನಿದ್ದೆ, ಕೂತೇ ಮಾಡುವ ಕೆಲಸ, ಕೆಲವು ಮಾತ್ರೆಗಳು ಎಲ್ಲವೂ ಅದರಲ್ಲಿ ಕೈಯಾಡಿಸುತ್ತವೆ. ಬೊಜ್ಜು ಒಂದು ಕಾಯಿಲೆ. ಅದನ್ನು ಕಾಯಿಲೆಯಂತೆಯೇ ಅಳೆದು, ಕಾರಣ ಹುಡುಕಿ, ನಿಭಾಯಿಸಬೇಕು. ವೈದ್ಯರು ಮತ್ತು ಆಹಾರತಜ್ಞರು ಸೇರಿ ಇಲ್ಲಿ ಉತ್ತರಿಸಿದ್ದೇವೆ.

ನನಗೆ 38 ವರ್ಷ, ಎತ್ತರ 158 ಸೆಂ.ಮೀ., ತೂಕ 66 ಕಿಲೋ. ಮೊಬೈಲಿನಲ್ಲಿ ನೋಡಿದರೆ ‘ತೂಕ ಸ್ವಲ್ಪ ಹೆಚ್ಚು’ ಎಂದು ಬರುತ್ತದೆ. ಲ್ಯಾಬಿನವರ ವರದಿಯಲ್ಲಿ ‘ಬೊಜ್ಜು’ ಎಂದಿದೆ. ಯಾವುದು ಸರಿ?
— ಗೃಹಿಣಿ, ಹಾಸನ

ಲ್ಯಾಬಿನವರದ್ದು. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. ನಿಮ್ಮದು 26.4. ಜಗತ್ತಿಗೆಲ್ಲ ಬಳಸುವ ಪಟ್ಟಿಯಲ್ಲಿ 30 ದಾಟಿದರೆ ಮಾತ್ರ ಬೊಜ್ಜು. ಭಾರತೀಯರಿಗೆ 23ರಿಂದಲೇ ತೂಕ ಹೆಚ್ಚು, 25ರಿಂದ ಬೊಜ್ಜು. ಅದೇ ಬಿಎಂಐ ಇರುವ ಯುರೋಪಿನವರಿಗೆ ಹೋಲಿಸಿದರೆ ನಮ್ಮ ಮೈಯಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬು ಹೊಟ್ಟೆಯೊಳಗೆ, ಪಿತ್ತಜನಕಾಂಗದ ಸುತ್ತ ಕೂರುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆಯೂ ಕಡಿಮೆ ತೂಕಕ್ಕೇ ಬರುತ್ತದೆ.

ಹೀಗಾಗಿ ತಕ್ಕಡಿಗಿಂತ ಟೇಪು ಮುಖ್ಯ. ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಮುಟ್ಟಿದರೆ ಎಚ್ಚರಿಕೆ. ಅಳೆಯುವಾಗ ಹೆಚ್ಚಿನವರು ತಪ್ಪುವುದು ಜಾಗದಲ್ಲಿ. ಲಂಗದ ಲಾಡಿ ಕಟ್ಟುವ ಜಾಗವೂ ಅಲ್ಲ, ಹೊಕ್ಕುಳೂ ಅಲ್ಲ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ, ಸೊಂಟದ ಮೂಳೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿನಿಂದ ಒತ್ತಿ ಗುರುತಿಸಿ. ಅವೆರಡರ ನಡುಮಧ್ಯಕ್ಕೆ ಟೇಪು ಸುತ್ತಿ, ನೆಲಕ್ಕೆ ಸಮಾನಾಂತರವಾಗಿರಲಿ. ಹೊಟ್ಟೆ ಒಳಗೆಳೆಯದೆ, ಉಸಿರು ಸಹಜವಾಗಿ ಬಿಟ್ಟ ಕೊನೆಯಲ್ಲಿ ಓದಿ. ಒಮ್ಮೆ ರಕ್ತದೊತ್ತಡ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್, ಲಿವರ್, ಟಿಎಸ್‌ಎಚ್ (ಥೈರಾಯ್ಡ್) ಪರೀಕ್ಷೆ ಮಾಡಿಸಿ. 66 ಕಿಲೋದಲ್ಲಿ 5 ಶೇಕಡಾ, ಅಂದರೆ ಮೂರೂಕಾಲು ಕಿಲೋ ಇಳಿದರೂ ಈ ಅಂಕಿಗಳು ಸುಧಾರಿಸತೊಡಗುತ್ತವೆ. ಆರು ತಿಂಗಳಿಗೆ ಆ ಗುರಿ ಸಾಕು.

ಅನ್ನ ಪೂರ್ತಿ ಬಿಟ್ಟು ಎರಡು ಹೊತ್ತೂ ಮುದ್ದೆ ತಿನ್ನುತ್ತಿದ್ದೇನೆ. ಮೂರು ತಿಂಗಳಾದರೂ ತೂಕ ಅಲುಗಿಲ್ಲ. ರಾಗಿ ತೂಕ ಇಳಿಸುತ್ತದೆ ಅಂತಾರಲ್ಲ?
— ಓದುಗರು, ಮಂಡ್ಯ

ರಾಗಿ ಒಳ್ಳೆಯ ಧಾನ್ಯವೇ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಒಳಗೆ. ಕ್ಯಾಲ್ಸಿಯಂ 350 ಮಿಲಿಗ್ರಾಂ ದಾಟುತ್ತದೆ. ಆದರೆ ಕ್ಯಾಲೊರಿ ಲೆಕ್ಕ ಹಾಕಿದರೆ 100 ಗ್ರಾಂ ಅಕ್ಕಿಗೆ ಸುಮಾರು 355, ರಾಗಿಗೆ 320. ಅಂತರ ಇಷ್ಟೇ. ದೊಡ್ಡ ಮುದ್ದೆ ಎರಡು ಉಂಡರೆ ಅನ್ನ ಬಿಟ್ಟದ್ದು ಲೆಕ್ಕಕ್ಕೇ ಬರುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಊಟ ಬೇಗ ಮುಗಿದುಹೋಗುತ್ತದೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಎರಡನೆಯ ಮುದ್ದೆ ತಟ್ಟೆಗೆ ಬಂದಿರುತ್ತದೆ.

ಹಿಟ್ಟನ್ನು ಒಣಗಿರುವಾಗಲೇ ತೂಗಿ. ಒಬ್ಬರಿಗೆ ಒಂದು ಹೊತ್ತಿಗೆ 75 ಗ್ರಾಂ ಹಿಟ್ಟಿನ ಒಂದೇ ಮುದ್ದೆ: 240 ಕ್ಯಾಲೊರಿ. ಅದರ ಜೊತೆ ಬಸ್ಸಾರು ಮಾಡಿ, ಬಸಿದ ಸೊಪ್ಪು-ಕಾಳಿನ ಪಲ್ಯವನ್ನು ಮುದ್ದೆಗಿಂತ ಹೆಚ್ಚು ಬಡಿಸಿಕೊಳ್ಳಿ. ಪಲ್ಯವನ್ನು ಅಗಿದು ತಿನ್ನಲೇಬೇಕಾದ್ದರಿಂದ ಊಟದ ವೇಗವೂ ತಗ್ಗುತ್ತದೆ. ತಟ್ಟೆಯ ಅರ್ಧ ತರಕಾರಿ-ಸೊಪ್ಪು-ಕೋಸಂಬರಿ, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮುದ್ದೆ ಅಥವಾ ಅನ್ನ. ಅನ್ನ ಶತ್ರುವಲ್ಲ, ಅಳತೆಯಲ್ಲಿದ್ದರೆ ಅದನ್ನೂ ಉಣ್ಣಬಹುದು.

ಇನ್ನು ಯಾರೂ ಲೆಕ್ಕ ಹಾಕದ ವಸ್ತು ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ ಇದೆ. ಎಣ್ಣೆಯ ಒಂದು ಗ್ರಾಂ 9 ಕ್ಯಾಲೊರಿ, ಹಿಟ್ಟು-ಸಕ್ಕರೆಯದ್ದು 4. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚಾದರೆ ತಲೆಗೆ ದಿನಕ್ಕೆ 33 ಮಿ.ಲೀ., ಸುಮಾರು 270 ಕ್ಯಾಲೊರಿ. ಅದನ್ನು ಎರಡು ಲೀಟರಿಗೆ ಇಳಿಸಿದರೆ ಯಾರೂ ಉಪವಾಸ ಬೀಳದೆ ಪ್ರತಿಯೊಬ್ಬರ ಪಾಲಿನಿಂದ 135 ಕ್ಯಾಲೊರಿ ಹೋಗುತ್ತದೆ. ತಿಂಗಳ ಮೊದಲ ದಿನವೇ ಎರಡು ಲೀಟರ್ ಎಣ್ಣೆಯನ್ನು ಬೇರೆ ಡಬ್ಬಿಗೆ ಸುರಿದಿಡಿ, ವಾರಕ್ಕೆ ಅರ್ಧ ಲೀಟರ್ ಮಾತ್ರ ಒಲೆಯ ಬಳಿ ಇರಲಿ. ಪ್ಯಾಕೆಟ್ಟಿನಿಂದ ಬಾಣಲೆಗೆ ನೇರವಾಗಿ ಸುರಿಯಬೇಡಿ, ಚಮಚದಲ್ಲಿ ಹಾಕಿ. ಕರಿಯುವುದು ಹಬ್ಬಕ್ಕಿರಲಿ. ಹಸಿ ತೆಂಗಿನತುರಿಗೂ 100 ಗ್ರಾಂಗೆ ಸುಮಾರು 400 ಕ್ಯಾಲೊರಿ ಇದೆ ಎಂಬುದು ನೆನಪಿರಲಿ.

ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ, 160 ಕ್ಯಾಲೊರಿ. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚುಕಡಿಮೆ ಅದೇ. ಪ್ರತಿ ವಾರ ಕಾಲು ಚಮಚ ಇಳಿಸುತ್ತಾ ಹೋದರೆ ನಾಲಿಗೆ ತಕರಾರಿಲ್ಲದೆ ಒಗ್ಗಿಕೊಳ್ಳುತ್ತದೆ.

ಮೊದಲ ಎರಡು ವಾರದಲ್ಲಿ 3 ಕಿಲೋ ಇಳಿಯಿತು. ಆಮೇಲೆ ನಿಂತುಬಿಟ್ಟಿದೆ. ಊಟ ಇನ್ನೂ ಕಡಿಮೆ ಮಾಡಲೇ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಬೇಡ. ಮೊದಲು ಹೋದ ಮೂರು ಕಿಲೋದಲ್ಲಿ ಬಹುಪಾಲು ನೀರು. ಪಿತ್ತಜನಕಾಂಗ ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಿದೆ, ಅದರ ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಊಟ ತಗ್ಗಿದ ಕೂಡಲೇ ದಾಸ್ತಾನು ಖಾಲಿ, ನೀರೂ ಹೊರಗೆ. ಕೊಬ್ಬು ಕರಗುವುದು ವಾರಕ್ಕೆ ಅರ್ಧ ಕಿಲೋದಂತೆ ಮಾತ್ರ, ಮತ್ತು ಅದು ಉಪ್ಪು, ಮುಟ್ಟು, ಮಲಬದ್ಧತೆಯ ಏರಿಳಿತದಲ್ಲಿ ಮರೆಯಾಗಿ ಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ತೂಗಿ ಬರೆದಿಡಿ. ನಾಲ್ಕು ವಾರದ ಸರಾಸರಿಯನ್ನು ಹಿಂದಿನ ನಾಲ್ಕು ವಾರದ್ದಕ್ಕೆ ಹೋಲಿಸಿ.

ಅದರಲ್ಲೂ ಬದಲಾವಣೆ ಕಾಣದಿದ್ದರೆ ಸಂಜೆಯ ತಿಂಡಿಯನ್ನು ನೋಡಿ. ನಿಮ್ಮೂರಿನ ಮಂಡಕ್ಕಿ ಹಗುರವೇ. ಅದಕ್ಕೆ ಬೀಳುವ ಎಣ್ಣೆ, ಜೊತೆಗೆ ಬರುವ ಮೆಣಸಿನಕಾಯಿ ಬಜ್ಜಿ ಹಗುರವಲ್ಲ. ಮತ್ತೊಂದು, ಊಟವನ್ನು ಬರೀ ಕಡಿಮೆ ಮಾಡಿದರೆ ಮಾಂಸಖಂಡವೂ ಕರಗಿ, ಕೂತಾಗ ದೇಹ ಸುಡುವ ಕ್ಯಾಲೊರಿಯೇ ತಗ್ಗುತ್ತದೆ. ಅದನ್ನು ಉಳಿಸಲು ಪ್ರೋಟೀನ್ ಮತ್ತು ಬಲದ ವ್ಯಾಯಾಮ ಎರಡೂ ಬೇಕು. ತೂಕದ ಕಿಲೋಗೆ ಒಂದು ಗ್ರಾಂನಂತೆ ಪ್ರೋಟೀನ್: ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಹೆಸರುಕಾಳಿನಲ್ಲಿ 7 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ನಿರ್ಧರಿಸಬೇಕು. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಅಂದರೆ ಮಾತಾಡಬಹುದು, ಹಾಡಲಾಗದು ಎಂಬ ವೇಗ. ಅದಲ್ಲದೆ ಎರಡು ದಿನ ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಹತ್ತು ಹತ್ತರಂತೆ ಮೂರು ಸುತ್ತು.

ಥೈರಾಯ್ಡ್ ಇದ್ದರೆ ತೂಕ ಇಳಿಯುವುದೇ ಇಲ್ಲವೇ?
— ಶಿಕ್ಷಕಿ, ಕಲಬುರಗಿ

ಇಳಿಯುತ್ತದೆ. ಥೈರಾಯ್ಡ್ ಕೊರತೆಯೊಂದರಿಂದಲೇ ಏರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕಿಲೋ, ಅದರಲ್ಲೂ ಹೆಚ್ಚಿನದು ಉಪ್ಪು-ನೀರು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ ಕುಡಿಯಬೇಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ತೂಕ ಇಳಿಸಲೆಂದು ಡೋಸ್ ಹೆಚ್ಚಿಸಿಕೊಂಡರೆ ಎದೆಬಡಿತ ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ.

ಹತ್ತು ವರ್ಷದ ಮಗ, 140 ಸೆಂ.ಮೀ., 46 ಕಿಲೋ. ಅತ್ತೆಯವರು ‘ಬೆಳೆಯುವ ಹುಡುಗ, ತಿನ್ನಲಿ ಬಿಡು’ ಎನ್ನುತ್ತಾರೆ. ರಾತ್ರಿ ಊಟ ಬಿಡಿಸಲೇ?
— ತಾಯಿ, ಶಿವಮೊಗ್ಗ

ಊಟ ಬಿಡಿಸಬೇಡಿ. ಅತ್ತೆಯವರ ಮಾತಿನಲ್ಲೂ ಅರ್ಧ ಸತ್ಯವಿದೆ: ಅವನು ಬೆಳೆಯುತ್ತಿದ್ದಾನೆ, ಆ ಬೆಳವಣಿಗೆಯನ್ನೇ ನಾವು ಬಳಸಿಕೊಳ್ಳಬೇಕು. ಈಗ ಅವನ ಬಿಎಂಐ 23.5, ಆ ವಯಸ್ಸಿಗೆ ಅದು ಬೊಜ್ಜು. ತೂಕ 46ರಲ್ಲೇ ನಿಂತು ಎತ್ತರ 150 ಆದರೆ ಅದು 20.4ಕ್ಕೆ ಇಳಿಯುತ್ತದೆ. ಆದ್ದರಿಂದ ಇಳಿಸುವ ಗುರಿ ಬೇಡ, ಏರದಂತೆ ನೋಡಿಕೊಳ್ಳುವ ಗುರಿ ಇರಲಿ. ಚಿಪ್ಸ್, ಜ್ಯೂಸ್ ಪ್ಯಾಕೆಟ್, ಬೇಕರಿ ತಿಂಡಿ ಮನೆಗೇ ಬಾರದಿರಲಿ. ಅವನೊಬ್ಬನಿಗೆ ಬೇಡವೆಂದು ತಂಗಿಗೆ ಕೊಟ್ಟರೆ ಅದು ಶಿಕ್ಷೆಯಾಗುತ್ತದೆ. ದಿನಕ್ಕೆ ಒಂದು ಗಂಟೆ ಬೆವರುವ ಆಟ, ಕನಿಷ್ಠ ಒಂಬತ್ತು ಗಂಟೆ ನಿದ್ದೆ, ಊಟದ ಹೊತ್ತಿಗೆ ಮೊಬೈಲ್ ಬೇಡ. ನೆಂಟರ ಮುಂದೆ ಅವನ ಮೈ ಬಗ್ಗೆ ಯಾರೂ ಆಡದಂತೆ ನೋಡಿಕೊಳ್ಳಿ.

ಕತ್ತಿನ ಹಿಂದೆ ಉಜ್ಜಿದರೂ ಹೋಗದ ಕಪ್ಪು ಮಚ್ಚೆ, ಜೋರು ಗೊರಕೆ, ಅಥವಾ ತೂಕ ಏರುತ್ತಿದ್ದರೂ ಎತ್ತರ ನಿಂತುಹೋಗಿರುವುದು, ಇವುಗಳಲ್ಲಿ ಒಂದು ಕಂಡರೂ ಮಕ್ಕಳ ವೈದ್ಯರಿಗೆ ತೋರಿಸಿ.

ಬಾಣಂತನ ಮುಗಿದು ಎರಡು ತಿಂಗಳಾಯಿತು, 9 ಕಿಲೋ ಹೆಚ್ಚೇ ಇದ್ದೇನೆ. ಹಾಲೂಡಿಸುತ್ತಾ ಡಯಟ್ ಮಾಡಬಹುದೇ?
— ಓದುಗರು, ಶಿರಸಿ

ಕಟ್ಟುನಿಟ್ಟಿನ ಡಯಟ್ ಬೇಡ. ಹಾಲಿಗೆಂದು ನಿಮಗೆ ದಿನಕ್ಕೆ ಐನೂರರಿಂದ ಆರುನೂರು ಕ್ಯಾಲೊರಿ ಹೆಚ್ಚೇ ಬೇಕು. ಅದು ತುಪ್ಪ, ಅಂಟಿನುಂಡೆಯಿಂದ ಬರುವ ಬದಲು ಬೇಳೆ, ಹಾಲು, ಸೊಪ್ಪು, ಮೊಟ್ಟೆಯಿಂದ ಬರಲಿ. ನೀರು ಕಡಿಮೆ ಕುಡಿಯಬೇಕೆಂಬುದನ್ನು ಕೇಳಬೇಡಿ, ಮಲಬದ್ಧತೆಯೇ ಅದರ ಫಲ. ಹೊಟ್ಟೆಗೆ ಬಿಗಿಯುವ ಬಟ್ಟೆ ಬೆನ್ನಿಗೆ ಆಸರೆ ಕೊಟ್ಟೀತು, ಕೊಬ್ಬು ಕರಗಿಸುವುದಿಲ್ಲ. ಒಂಬತ್ತು ತಿಂಗಳಲ್ಲಿ ಏರಿದ್ದಕ್ಕೆ ಇಳಿಯಲೂ ಅಷ್ಟೇ ಕಾಲ ಕೊಡಿ.

ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡರೆ ತೂಕ ಇಳಿಯುತ್ತದಂತೆ. ನನ್ನ ಬಿಎಂಐ 24. ಮದುವೆಗೆ ಮುಂಚೆ ತೆಗೆದುಕೊಳ್ಳಬಹುದೇ?
— ಐಟಿ ಉದ್ಯೋಗಿ, ಬೆಂಗಳೂರು

ನಿಮಗೆ ಬೇಡ. ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳು 2025ರಲ್ಲಿ ತೂಕ ಇಳಿಸಲೆಂದೇ ಇಲ್ಲಿಗೆ ಬಂದಿವೆ. ಬಿಎಂಐ 30 ದಾಟಿದವರಿಗೆ, ಅಥವಾ 27 ದಾಟಿ ಸಕ್ಕರೆ ಕಾಯಿಲೆ, ಬಿಪಿಯಂಥ ತೊಂದರೆ ಇರುವವರಿಗೆ ಅವು ನಿಜಕ್ಕೂ ಒಳ್ಳೆಯ ಔಷಧ. ಅಂಥವರು ನಾಚಿಕೊಳ್ಳದೆ ವೈದ್ಯರೊಡನೆ ಮಾತಾಡಬೇಕು. ಇವು ಹಸಿವನ್ನು ತಗ್ಗಿಸಿ, ಜಠರ ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತವೆ. ನಿಲ್ಲಿಸಿದಾಗ ಹಸಿವು ಮರಳುತ್ತದೆ: ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ ಇಳಿದ ತೂಕದ ಮೂರನೇ ಎರಡು ಪಾಲು ವಾಪಸು ಬಂದಿತ್ತು. ಮದುವೆ ದಿನಾಂಕಕ್ಕೆಂದು ತೆಗೆದುಕೊಳ್ಳುವ ಔಷಧವಲ್ಲ ಇದು.

ಈಗಾಗಲೇ ಬಳಸುತ್ತಿರುವ ಓದುಗರಿಗೆ: ಡೋಸನ್ನು ಕನಿಷ್ಠ ನಾಲ್ಕು ವಾರಕ್ಕೊಮ್ಮೆ ಮಾತ್ರ, ಮೆಟ್ಟಿಲೇರಿದಂತೆ ಏರಿಸಬೇಕು. ಅವಸರಪಟ್ಟರೆ ವಾಂತಿ ಖಚಿತ. ಮೇಲ್ಹೊಟ್ಟೆಯಿಂದ ಬೆನ್ನಿಗೆ ಹರಡುವ ತೀವ್ರ ನೋವು ಬಂದರೆ ಮುಂದಿನ ಡೋಸ್ ಹಾಕಿಸದೆ ಆಸ್ಪತ್ರೆಗೆ ಹೋಗಿ, ಅದು ಮೇದೋಜೀರಕದ ಉರಿಯೂತವಿರಬಹುದು. ಗರ್ಭ ಧರಿಸುವ ಯೋಚನೆ ಇದ್ದರೆ ಎಷ್ಟು ಮುಂಚೆ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ. ಸೆಮಾಗ್ಲುಟೈಡ್‌ಗಾದರೆ ಎರಡು ತಿಂಗಳು. ಯಾವುದೇ ಶಸ್ತ್ರಚಿಕಿತ್ಸೆಗೆ ಹೋಗುವಾಗ ಅರಿವಳಿಕೆ ತಜ್ಞರಿಗೆ ಈ ಇಂಜೆಕ್ಷನ್ ವಿಷಯವನ್ನು ಮುಂಚಿತವಾಗಿ ತಿಳಿಸಿ. ಉಪವಾಸವಿದ್ದರೂ ಜಠರದಲ್ಲಿ ಆಹಾರ ಉಳಿದಿದ್ದು, ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.