ಗಂಡನ ಮಾಲೀಕರ ಮೇಲೆ ಮನಸ್ಸು ಹೋದಾಗ

ನನ್ನ ಬಳಿ ಸಲಹೆ ಕೇಳಲು ಬಂದವರು ಶಿಡ್ಲಘಟ್ಟದ ಕಡೆಯ ಹೆಣ್ಣುಮಗಳು, ವಯಸ್ಸು 32. ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಗಂಡ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸಕ್ಕಿದ್ದಾರೆ. ಬೆಳಿಗ್ಗೆ ಗೂಡಿನ ಹರಾಜಿಗೆ ಮಾಲೀಕರ ಜೊತೆ ಹೋದರೆ ಮನೆಗೆ ಬರುವುದು ಕತ್ತಲಾದ ಮೇಲೆ. ಮನೆ ಕಟ್ಟಲು ಅದೇ ಮಾಲೀಕರು ಕೊಟ್ಟ ಸಾಲದಲ್ಲಿ ಇನ್ನೂ 80 ಸಾವಿರ ಬಾಕಿ ಇತ್ತು.

"ಮೇಡಂ, ಅವ್ರು ನನ್ನ ಮುಟ್ಟಿಲ್ಲ. ಊಟ ಆಯ್ತಾ ಅಂತ ಮೆಸೇಜ್ ಮಾಡ್ತಾರೆ, ಅಷ್ಟೇ" ಎಂದರು. ಆಮೇಲೆ ತುಂಬಾ ಹೊತ್ತು ಅತ್ತರು. ಗಂಡನ ಕೈ ಬಿಸಿನೀರಿನ ತೊಟ್ಟಿಯಲ್ಲಿ ದಿನವೆಲ್ಲಾ ನೆಂದು ಬೆರಳ ತುದಿ ಸುಲಿದಿರುತ್ತದೆ. ಎಷ್ಟು ಸೋಪು ಹಾಕಿದರೂ ಹುಳದ ವಾಸನೆ ಹೋಗುವುದಿಲ್ಲ. "ಆ ಕೈ ನೋಡಿದ್ರೆ ಪಾಪ ಅನ್ಸುತ್ತೆ. ಹತ್ತಿರ ಬಂದ್ರೆ ಮುಖ ತಿರುಗಿಸ್ತೀನಿ." ಹೀಗೆ ಹೇಳುವಾಗ ತಮ್ಮ ಬೆರಳುಗಳನ್ನೇ ಸೆರಗಿಗೆ ಒರೆಸುತ್ತಾ ಇದ್ದರು.

ಮನಸ್ಸು ಹೋದದ್ದಕ್ಕೆ ನಾನು ಆಕೆಯನ್ನು ಬೈಯಲಿಲ್ಲ. ಮದುವೆಯಾದ ಮಾತ್ರಕ್ಕೆ ಕಣ್ಣು, ಮನಸ್ಸು ಕಲ್ಲಾಗುವುದಿಲ್ಲ, ಅಲ್ವಾ? ನನಗೆ ಭಯವಾದದ್ದು ಬೇರೆ ವಿಷಯಕ್ಕೆ. ಇಲ್ಲಿ ಇಬ್ಬರು ಗಂಡಸರು ಸಮಾನರಲ್ಲ. ಸಂಬಳ, ಸಾಲ, ರಜೆ ಎಲ್ಲಾ ಒಬ್ಬರ ಕೈಯಲ್ಲಿದೆ. ಗಂಡನಿಗೆ ಗೊತ್ತಾದರೂ ಎದುರು ನಿಂತು ಕೇಳುವ ಸ್ಥಿತಿ ಇಲ್ಲ. ನಾಳೆ ಆಕೆಗೇ ಬೇಡ ಅನಿಸಿದರೆ? ಬೇಡ ಎನ್ನುವುದೂ ಅಷ್ಟು ಸುಲಭವಲ್ಲ.

ಹಾಗಾಗಿ ಮೊದಲು ಮೆಸೇಜ್ ನಿಲ್ಲಿಸಿ ಎಂದೆ. ಸುಮ್ನೆ ಬ್ಲಾಕ್ ಮಾಡಿ ಅಂತಲ್ಲ. "ಇನ್ನು ಮೆಸೇಜ್ ಮಾಡಬೇಡಿ" ಎಂದು ಒಂದೇ ಸಾಲು ಬರೆದು, ಹಳೆಯದನ್ನೂ ಅಳಿಸದೆ ಇಟ್ಟುಕೊಳ್ಳಿ ಎಂದೆ. ಆಮೇಲೆ ಗಂಡನಿಗೆ ನೀವೇ ಹೇಳಿ, ಬೇರೆಯವರ ಬಾಯಿಂದ ಕೇಳುವ ಹಾಗೆ ಮಾಡಬೇಡಿ. ಬೇಕಿದ್ದರೆ ಇಲ್ಲಿಗೇ ಕರೆದುಕೊಂಡು ಬನ್ನಿ.

ಕರೆದುಕೊಂಡು ಬಂದರು. ಆತ ಕೂಗಾಡಲಿಲ್ಲ. "ನಾನು ಊಟ ಆಯ್ತಾ ಅಂತ ಕೇಳಿ ಎಷ್ಟು ದಿನ ಆಯ್ತೋ" ಎಂದು ಒಂದು ಸಲ ಹೇಳಿ ನೆಲ ನೋಡಿದರು. ಕೋಪ ಬಂದದ್ದು ಅವರ ಅಣ್ಣನಿಗೆ. ಇಬ್ಬರ ಮೇಲೂ ಪೊಲೀಸ್ ಕೇಸ್ ಹಾಕಿಸುತ್ತೇನೆ ಎಂದು ಫೋನ್ ಮಾಡಿದ್ದರು. ವ್ಯಭಿಚಾರವನ್ನು ಅಪರಾಧ ಎನ್ನುತ್ತಿದ್ದ 497ನೇ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2018ರಲ್ಲೇ ತೆಗೆದುಹಾಕಿದೆ. ಅದು ಇದ್ದಾಗಲೂ ಹೆಂಡತಿಗೆ ಶಿಕ್ಷೆ ಇರಲಿಲ್ಲ. ವಿಚ್ಛೇದನ ಕೇಳಲು ಅದು ಈಗಲೂ ಕಾರಣವಾಗಬಹುದು, ಆದರೆ ಇವರ ನಡುವೆ ಅಂಥದ್ದೇನೂ ನಡೆದೇ ಇಲ್ಲ. ಇಷ್ಟು ಹೇಳಿದ ಮೇಲೆ ಅಣ್ಣ ತಣ್ಣಗಾದರು.

ಗಂಡ ಕೇಳಿದ್ದು ಹೆಂಡತಿಯ ಫೋನಿನ ಪಾಸ್‌ವರ್ಡ್. ನಾನು ಬೇಡ ಎಂದೆ. ದಿನಾ ಫೋನ್ ತೆಗೆದು ನೋಡುತ್ತಿದ್ದರೆ ನಂಬಿಕೆ ಹುಟ್ಟುವುದಿಲ್ಲ, ಕಾವಲು ಹುಟ್ಟುತ್ತದೆ. ಅದರ ಬದಲು ಸಾಲದ ಲೆಕ್ಕವನ್ನು ಇಬ್ಬರೂ ಕೂತು ಬರೆಯಿರಿ, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ತೀರಿಸಿ, ಬೇರೆ ಕಡೆ ಕೆಲಸ ಹುಡುಕಿ ಎಂದೆ. ಆಕೆ ಕಿವಿಯ ಓಲೆ ಅಡವಿಟ್ಟು ಅರ್ಧ ಕಟ್ಟಿದರು. ಉಳಿದದ್ದಕ್ಕೆ ಸಂಘದಲ್ಲಿ ಸಾಲ ಸಿಕ್ಕಿತು.

ಈಗ ಆತ ಇನ್ನೊಂದು ಘಟಕದಲ್ಲಿದ್ದಾರೆ, ಸಂಬಳ ಸ್ವಲ್ಪ ಕಡಿಮೆ. ರಾತ್ರಿ ಅವಳ ಫೋನ್ ಸದ್ದು ಮಾಡಿದರೆ ಈಗಲೂ ಎಚ್ಚರವಾಗುತ್ತದಂತೆ. ಆಗ ಅವಳೇ ಫೋನನ್ನು ಅವರ ಕಡೆ ತಿರುಗಿಸಿ ತೋರಿಸುತ್ತಾಳಂತೆ, ಅವರು ಕೇಳದಿದ್ದರೂ. ಮುಂದಿನ ತಿಂಗಳು ಮತ್ತೆ ಬರುತ್ತಾರೆ.